ನಾದದ ಆವರಣ

ನಾದವು ವಾದ್ಯದಿಂದ ಹುಟ್ಟುವುದೋ, ವಾದ್ಯದಲ್ಲಿ ತೋರುವುದೋ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಬಹು ಹಿಂದೆಯೇ ಎತ್ತಿ, ಶತಮಾನಗಳ ಕಾಲ ಅದರ ಮೇಲೆ ವಾದ ನಡೆಸಿದರು. ಶಬ್ದವು ಆಕಾಶದ ಗುಣ, ಆಘಾತದಿಂದ ಹುಟ್ಟಿ ಕ್ಷಣಾಂತರದಲ್ಲಿ ಅಳಿಯತಕ್ಕದ್ದು ಎಂದರು ನೈಯಾಯಿಕರೂ ವೈಶೇಷಿಕರೂ. ಶಬ್ದವು ನಿತ್ಯ, ನಮ್ಮ ಪ್ರಯತ್ನವು ಅದನ್ನು ವ್ಯಕ್ತಪಡಿಸುವುದೇ ಹೊರತು ಉಂಟುಮಾಡುವುದಿಲ್ಲ ಎಂದರು ಮೀಮಾಂಸಕರು. ಅವರು ನಿತ್ಯತ್ವವನ್ನು ಹೇಳಿದುದು ವರ್ಣಗಳಿಗೆ. ಶಂಖ ಭೇರಿಗಳ ಧ್ವನಿಯನ್ನು ಆ ಪದವಿಗೆ ಏರಿಸಲಿಲ್ಲ. ಆದರೂ ಅವರ ಅಭಿವ್ಯಕ್ತಿವಾದವನ್ನು ವಾದ್ಯದ ನಾದಕ್ಕೂ ಹಿಗ್ಗಿಸಿ ನೋಡುವುದರಿಂದ ಒಂದು ಬೆಳಕು ದೊರೆಯುವುದೆಂದು ನನಗೆ ತೋರುತ್ತದೆ. ಆ ಬೆಳಕು ನನಗೆ ದೊರೆತುದು ಎಲೆಕ್ಟ್ರಿಕ್ ಗಿಟಾರ್ ಎಂಬ ವಾದ್ಯದ ಒಡಲನ್ನು ಬಿಚ್ಚಿಟ್ಟ ಒಂದು ಮೇಜಿನ ಬಳಿಯಲ್ಲಿ.

ಶಿವಮೊಗ್ಗೆಯ ಆಲ್ಕೊಳದಲ್ಲಿ ನಮ್ಮ ನೆರೆಯ ತರುಣನೊಬ್ಬನು ತನ್ನ ಅಗ್ಗದ ಗಿಟಾರನ್ನು ತಾನೇ ತಿದ್ದಿಕೊಳ್ಳುತ್ತಿದ್ದನು. ಮುಂಭಾಗದ ಹಲಗೆಯ ತಿರುಪುಗಳನ್ನು ಬಿಚ್ಚಿ ಎತ್ತಿದರೆ ಅದರ ಅಡಿಯಲ್ಲಿ ಪಿಕಪ್ಪುಗಳು: ಒಂದೊಂದರಲ್ಲಿಯೂ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ಸಣ್ಣನೆಯ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಮೇಲೆ ಉಕ್ಕಿನ ತಂತಿಯು ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರವು ಕದಡಿ, 1831ರಲ್ಲಿ ಫ್ಯಾರಡೆಯು ಕಂಡುಕೊಂಡ ನಿಯಮದಂತೆ, ತಾಮ್ರದಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಆ ತಾಮ್ರದ ಸುರುಳಿಯು ತಂತಿಯ ಮಾತನ್ನಷ್ಟೇ ಕೇಳುವುದಿಲ್ಲ. ಗೋಡೆಯೊಳಗೆ ಹರಿಯುವ ವಿದ್ಯುತ್ತಿನ, ಸೆಕೆಂಡಿಗೆ 50 ಆವೃತ್ತಿಯ ಸ್ಪಂದವನ್ನೂ ಅಷ್ಟೇ ನಿಷ್ಠೆಯಿಂದ ಕೇಳಿ ಗುಂಯ್‌ಗುಡುತ್ತದೆ. ಹುಡುಗನು ಅಂಗೈಯನ್ನು ತಂತಿಗಳ ಮೇಲೆ ಇಟ್ಟನು, ಗುಂಯಾರವವು ತಗ್ಗಿತು, ಎತ್ತಿದನು, ಮರಳಿತು. ತಂತಿಗಳು ಕುದುರೆಯ ಮೂಲಕ ಅರ್ತಿಗೆ, ಅಂದರೆ ಭೂಸಂಪರ್ಕಕ್ಕೆ, ಸೇರಿರುವುದರಿಂದ, ಮುಟ್ಟಿದವನ ದೇಹವು ತಾನು ಹೀರಿ ಹರಡುತ್ತಿದ್ದ ಗದ್ದಲವನ್ನು ಅದೇ ದಾರಿಯಿಂದ ನೆಲಕ್ಕೆ ಇಳಿಸಿಬಿಡುತ್ತದೆ.

ಅವನು ಮಾಡಿದ ಕೆಲಸವಿಷ್ಟು: ಒಡಲಿನ ಕುಳಿಗೆ ತಾಮ್ರದ ಹಾಳೆಯನ್ನು ಅಂಟಿಸಿ ಅದನ್ನು ಅರ್ತಿಗೆ ಬೆಸೆದನು, ತಂತಿಯನ್ನು ಹಿಡಿದು ಶ್ರುತಿಗೆಡಿಸುತ್ತಿದ್ದ, ಕತ್ತಿನ ತುದಿಯ ನಟ್ಟಿನ ಸಂದುಗಳನ್ನು ಸಣ್ಣ ಅರದಿಂದ ಉಜ್ಜಿ ನುಣುಪಾಗಿಸಿದನು. ನಾದಕ್ಕೆ ಅವನು ಕೂಡಿಸಿದುದು ಏನೂ ಇಲ್ಲ. ಅಡ್ಡವಾಗಿದ್ದುದನ್ನು ಕಳೆದನು, ಕಳೆದ ಬಳಿಕ ಮೊದಲೇ ಇದ್ದುದು ಕೇಳಿಸಿತು. ವೇದಾಂತಿಗಳು ಆವರಣಭಂಗವೆಂದು ಕರೆಯುವುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನವನ್ನು ನಾನು ಬೇರೆಡೆ ಕಂಡಿಲ್ಲ.

1955ರಲ್ಲಿ ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬಾತನು ಪೇಟೆಂಟು ಬೇಡಿದ ಹಮ್‌ಬಕರ್ ಪಿಕಪ್ಪಿನಲ್ಲಿ ಈ ತತ್ತ್ವವು ಇನ್ನೂ ಸೂಕ್ಷ್ಮವಾಗಿದೆ. ಅಲ್ಲಿ ಸುರುಳಿಗಳು ಎರಡು. ಒಂದರ ವಿದ್ಯುನ್ಮಾರ್ಗಕ್ಕೆ ಇನ್ನೊಂದರದು ವಿಪರೀತ, ಒಂದರ ಅಯಸ್ಕಾಂತಧ್ರುವಕ್ಕೆ ಇನ್ನೊಂದರದು ವಿಪರೀತ. ಹೊರಗಿನಿಂದ ಬಂದ ಗದ್ದಲವು ಅಯಸ್ಕಾಂತವನ್ನು ಲೆಕ್ಕಿಸದೆ ಎರಡರಲ್ಲಿಯೂ ಹೊಕ್ಕು, ಎದುರುಬದುರಾಗಿ ನಿಂತು, ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ತಂತಿಯ ಕಂಪನವಾದರೋ ಎರಡು ಬಾರಿ ವಿಪರ್ಯಯಗೊಂಡು ಮತ್ತೆ ಒಂದೇ ದಿಕ್ಕಿಗೆ ಬಂದು ಕೂಡಿಕೊಳ್ಳುತ್ತದೆ. ತನ್ನದಾವುದು, ಪರರದಾವುದು ಎಂಬ ವಿವೇಕವನ್ನು ಜಡವಸ್ತುವಿನಲ್ಲಿ ಹೀಗೆ ನೆಲೆಗೊಳಿಸಿದ ಆ ಮನುಷ್ಯನ ಬಗ್ಗೆ ನನಗೆ ಗೌರವವುಂಟು.

ಆದರೆ ಇಲ್ಲಿಯೇ ನೈಯಾಯಿಕನು ಎದ್ದು ನಿಲ್ಲುತ್ತಾನೆ. ಎರಡು ಸುರುಳಿಗಳು ಒಂದೇ ತಂತಿಯನ್ನು ಎರಡು ಎಡೆಗಳಲ್ಲಿ ಕೇಳುವುದರಿಂದ, ಅತಿ ಸೂಕ್ಷ್ಮವಾದ ಮೇಲಣ ಸ್ವರಾಂಶಗಳಲ್ಲಿ ಕೆಲವು ಪರಸ್ಪರ ಅಳಿಸಿಹೋಗುತ್ತವೆ. ಗದ್ದಲದೊಡನೆ ಒಂದಿಷ್ಟು ಕಾಂತಿಯೂ ಹೋಗುತ್ತದೆ. ಆ ಕಾಂತಿಗಾಗಿಯೇ ಎಷ್ಟೋ ಮಂದಿ ವಾದಕರು 1954ರ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರಿನ ಒಂಟಿ ಸುರುಳಿಯನ್ನು, ಗುಂಯಾರವದ ಸಮೇತ, ಇಂದಿಗೂ ಬಿಡದೆ ಉಳಿಸಿಕೊಂಡಿದ್ದಾರೆ. ನಾದವು ತೆರೆಯ ಹಿಂದೆ ಪೂರ್ಣವಾಗಿಯೇ ಇದ್ದಿದ್ದರೆ ತೆರೆಯನ್ನು ಸರಿಸಿದುದರಿಂದ ಅದು ಹೇಗೆ ಕುಂದೀತು? ಈ ಆಕ್ಷೇಪಕ್ಕೆ ಉತ್ತರವಿಲ್ಲವೆಂದು ಒಪ್ಪಿಕೊಂಡು, ನಾನು ಪ್ರಶ್ನೆಯನ್ನೇ ಎರಡಾಗಿ ಸೀಳುತ್ತೇನೆ. ಷಡ್ಜ ಪಂಚಮಗಳ ನಡುವಣ 2:3ರ ಪ್ರಮಾಣವನ್ನು ಯಾವ ಶಿಲ್ಪಿಯೂ ಮಾಡಲಿಲ್ಲ. ವಾದ್ಯವನ್ನು ತಿದ್ದುವವನು ಅದಕ್ಕೆ ದಾರಿ ಬಿಡಬಲ್ಲನು, ಅಷ್ಟೆ. ನಾದದ ಬಣ್ಣವಾದರೋ ಇಷ್ಟು ಸುತ್ತಿನ ತಾಮ್ರ, ಇಂಥ ಅಯಸ್ಕಾಂತ, ಇಂಥ ಬೆರಳು ಎಂಬ ಕಾರಣಸಾಮಗ್ರಿಯಿಂದ ನಿಜವಾಗಿಯೂ ಹುಟ್ಟತಕ್ಕದ್ದು. ಸ್ವರದ ವಿಷಯದಲ್ಲಿ ಮೀಮಾಂಸಕನ ಮಾತು ನಿಲ್ಲುತ್ತದೆ, ಬಣ್ಣದ ವಿಷಯದಲ್ಲಿ ನೈಯಾಯಿಕನದು.

ಬಣ್ಣವು ಹುಟ್ಟತಕ್ಕದ್ದಾದರೆ ಅದನ್ನು ಹುಟ್ಟಿಸುವುದರಲ್ಲಿ ಅಧರ್ಮವೇನೂ ಇಲ್ಲ. ಧ್ವನಿವರ್ಧಕಗಳು ಬರುವ ಮುನ್ನ, ಸಭೆಯ ಕೊನೆಯ ಸಾಲಿಗೂ ನಾದವು ಮುಟ್ಟಲೆಂದು ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಜೊತೆ ತಂತಿಗಳನ್ನು ಕೂಡಿಸಿ ಏಳು ತಂತಿಗಳ ವಾದ್ಯವನ್ನು ಮಾಡಿಕೊಂಡರು. ಮ್ಯಾಂಡೊಲಿನ್ ಶ್ರೀನಿವಾಸರು ಜೋಡಿಜೋಡಿಯಾದ ಎಂಟು ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳನ್ನು ಬಿಗಿದರು. ಇವರ ವಾದ್ಯಗಳನ್ನು ಕೇಳಿದವರು ಪರಂಪರೆಗೆ ಹಾನಿಯಾಯಿತೆಂದು ಹೇಳಲಾರರು.

ಆದರೆ ಮರದ ವಿಷಯದಲ್ಲಿ ನನಗೆ ಕಟ್ಟುನಿಟ್ಟಾದ ಅಭಿಪ್ರಾಯವಿದೆ. ನಮ್ಮ ಮಲೆನಾಡಿನಲ್ಲಿ ಬೆಳೆಯುವ ಬೀಟೆಯು ಗಿಟಾರಿನ ಬೆರಳುಹಲಗೆಗೆಂದು ಲೋಕದಲ್ಲೆಲ್ಲ ಬೇಡಿಕೆ ಪಡೆದ ಮರ. ಅದರ ಕುಲವನ್ನೆಲ್ಲ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರನಿಯಂತ್ರಣಕ್ಕೆ ಒಳಪಡಿಸಿದರು, ಸಿದ್ಧವಾದ ವಾದ್ಯಗಳಿಗೆ ಎರಡು ವರ್ಷದ ಮೇಲೆ ವಿನಾಯಿತಿ ದೊರೆಯಿತು. ಅಕೌಸ್ಟಿಕ್ ವಾದ್ಯದಲ್ಲಿ ಮರವೇ ಮಾತನಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ಪು ಕೇಳುವುದು ಉಕ್ಕಿನ ಚಲನೆಯನ್ನು. ಬ್ರಯನ್ ಮೇ ಎಂಬ ಇಂಗ್ಲೆಂಡಿನ ವಾದಕನು ತನ್ನ ತಂದೆಯೊಡನೆ ಕೂಡಿ ಹಳೆಯ ಬೆಂಕಿಗೂಡಿನ ಮರದಿಂದ ಗಿಟಾರಿನ ಕತ್ತನ್ನು ಕಡೆದು, ಆ ವಾದ್ಯವನ್ನೇ ಜೀವಮಾನವೆಲ್ಲ ನುಡಿಸುತ್ತ ಬಂದಿದ್ದಾನೆ. ಹಾಗಿರುವಲ್ಲಿ, ನೂರು ವರ್ಷ ನಿಂತ ಬೀಟೆಯನ್ನು ಕಿವಿಗೆ ತಿಳಿಯದಷ್ಟು ಅಲ್ಪವಾದ ವ್ಯತ್ಯಾಸಕ್ಕಾಗಿ ಉರುಳಿಸುವುದನ್ನು ನಾನು ಹಿಂಸೆಯೆಂದೇ ಎಣಿಸುತ್ತೇನೆ.

ಇನ್ನು ಹೊಸ ಹೊಸ ಉಪಕರಣಗಳ ತೃಷ್ಣೆಯ ಮಾತು. ಇದೇ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯವನೆಂದು ಪರಂಪರೆಯು ಹೇಳುವ ಅಲ್ಲಮನು ಮೊದಲು ಮದ್ದಳೆಗಾರನು. ಮದ್ದಳೆಯನ್ನು ಬಿಟ್ಟು ಬಯಲನ್ನು ಅರಸಿ ಹೋದವನು. ಅವನ ದೃಷ್ಟಿಯಿಂದ ಪಿಕಪ್ಪಿನ ಮೇಲೆ ಪಿಕಪ್ಪನ್ನು ಬದಲಿಸುವ ನಮ್ಮ ಹುಡುಗರು ಮಾಯೆಯ ಮನೆಯಲ್ಲಿಯೇ ಸುತ್ತುತ್ತಿರುವವರು. ಆ ಎತ್ತರದಿಂದ ಅದು ಸತ್ಯ. ಆದರೆ ಸಂಗೀತರತ್ನಾಕರದ ಶಾರ್ಙ್ಗದೇವನು, ಆಘಾತವಿಲ್ಲದ ಅನಾಹತನಾದವು ಮುಕ್ತಿಯನ್ನು ಕೊಟ್ಟರೂ ಜನರನ್ನು ರಂಜಿಸಲಾರದೆಂದೂ, ಆಘಾತದಿಂದ ಹುಟ್ಟುವ ಆಹತನಾದವಾದರೋ ರಂಜಿಸುವುದರ ಜೊತೆಗೆ ಭವವನ್ನೂ ಕಳೆಯುವುದೆಂದೂ ಹೇಳಿ, ಸಂಸಾರಿಗಳಾದ ನಮಗೆ ಒಂದು ಬಾಗಿಲನ್ನು ತೆರೆದಿಟ್ಟಿದ್ದಾನೆ. ಆ ಬಾಗಿಲನ್ನು ಹೊಗುವವನಿಗೆ ಉಪಾಸನೆಯನ್ನು ತೃಷ್ಣೆಯಿಂದ ಬೇರ್ಪಡಿಸಿಕೊಳ್ಳುವ ಉಪಾಯ ಕಷ್ಟದ್ದಲ್ಲ. ಹೊಸ ಪಿಕಪ್ಪು ತನ್ನ ನಾದದ ಯಾವ ಕುಂದನ್ನು ನೀಗುವುದೆಂದು ಕಿವಿಯಿಂದ ಗುರುತಿಸಿ ಹೇಳಬಲ್ಲವನು ಅದನ್ನು ಕೊಳ್ಳಲಿ. ಹೇಳಲಾರದವನು ಮೊದಲು ಮನೆಯ ಪ್ಲಗ್ಗಿನ ಅರ್ತಿಂಗನ್ನು ನೋಡಿಸಿ, ತುಕ್ಕು ಹಿಡಿದ ತಂತಿಗಳನ್ನು ಬದಲಿಸಿ, ಕೆಲವು ತಿಂಗಳು ಸಾಧನೆ ಮಾಡಿ ನೋಡಲಿ.