ಯಾರು ಮೂಕರು?

ಪ್ರಾಣಿಗಳನ್ನು ಉರ್ದುವಿನಲ್ಲಿ ‘ಬೇಜುಬಾನ್’ ಎನ್ನುತ್ತೇವೆ. ನಾಲಿಗೆಯಿಲ್ಲದವು, ಮಾತಿಲ್ಲದವು ಎಂದು ಅರ್ಥ. ಕನ್ನಡದಲ್ಲಿ ‘ಮೂಕಪ್ರಾಣಿ’. ಎರಡೂ ಭಾಷೆಗಳನ್ನು ಶಾಲೆಯಲ್ಲಿ ಕಲಿತ ನಮಗೆ ಈ ಎರಡು ಪದಗಳೂ ದಯೆಯ ಪದಗಳಾಗಿಯೇ ಕೇಳಿಸುತ್ತಿದ್ದವು. ಕಳೆದ ವರ್ಷದ ಮುಂಗಾರಿನಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ ಈ ಪದಗಳ ಬಗ್ಗೆ ನಮ್ಮಲ್ಲಿ ಸಂಶಯ ಹುಟ್ಟಿಸಿದೆ.

ನಮ್ಮ ಮನೆ ರಾಮನಗರದಲ್ಲಿ, ರೇಷ್ಮೆ ನೂಲು ಬಿಚ್ಚುವವರ ಬೀದಿಯಲ್ಲಿದೆ. ಬೆಳಗಾದರೆ ಗೂಡು ಬೇಯಿಸುವ ಹಬೆ, ಯಂತ್ರದ ಸದ್ದು, ಸತ್ತ ಹುಳುವಿನ ವಾಸನೆ. ಆ ವಾಸನೆಗೆ ಇಲಿಗಳು ಬರುತ್ತವೆ, ಇಲಿಗಳ ಹಿಂದೆ ಬೆಕ್ಕು ಬರುತ್ತದೆ. ಹಾಗೆ ಬಂದದ್ದು ಈ ಬೂದು ಬೆಕ್ಕು. ಉರ್ದುವಿನಲ್ಲಿ ‘ಬಿಲ್ಲಿ’ ಸ್ತ್ರೀಲಿಂಗವಾದ್ದರಿಂದ ನಮ್ಮ ಮನೆಯಲ್ಲಿ ಅದು ‘ಅವಳು’. ಬೇರೆ ಹೆಸರನ್ನೇನೂ ಇಟ್ಟಿರಲಿಲ್ಲ. ಎರಡು ವರ್ಷ ಹಿತ್ತಲಿನ ಗೋಡೆಯ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದಳು. ಮೀನಿನ ತಲೆ ಹಾಕಿದರೆ ನಾವು ಒಳಗೆ ಹೋದ ಮೇಲೆಯೇ ಇಳಿದು ಬಂದು ತಿನ್ನುವಳು. ಕೈ ಚಾಚಿದರೆ ಕಿವಿ ಮಡಚಿ ಬುಸುಗುಟ್ಟುವಳು. ಸಾಕಿದ ಬೆಕ್ಕೂ ಅಲ್ಲ, ಕಾಡುಬೆಕ್ಕೂ ಅಲ್ಲ.

ಮಳೆ ಹಿಡಿದ ವಾರ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ, ಗೋಣಿಚೀಲಗಳ ಸಂದಿಯಲ್ಲಿ ನಾಲ್ಕು ಮರಿ ಹಾಕಿದಳು. ನಮ್ಮ ಮಗಳು ದಿನಕ್ಕೆ ನಾಲ್ಕು ಸಲ ಟಾರ್ಚ್ ಹಿಡಿದು ಇಣುಕುತ್ತಿದ್ದಳು. ನಾವೂ ಇಣುಕಿದೆವು. ಕಣ್ಣು ಬಿಡದ ಮರಿಗಳನ್ನು ನೋಡಿ ಸಂತೋಷ ಪಡದವರು ಯಾರಿದ್ದಾರೆ? ಐದನೆಯ ದಿನ ಕೊಟ್ಟಿಗೆಯ ಸೂರು ಸೋರತೊಡಗಿತು. ಬೀದಿನಾಯಿಗಳ ಭಯ ಬೇರೆ. ಅವಳು ಆಹಾರ ಹುಡುಕಿ ಹೋದ ಸಮಯ ನೋಡಿ ಮರಿಗಳನ್ನು ಬುಟ್ಟಿಗೆ ತುಂಬಿಕೊಂಡು ಅಡುಗೆಮನೆಯ ಪಕ್ಕದ ಕೋಣೆಗೆ ತಂದೆವು. ಚೀಲಗಳ ನಡುವೆ ಸಿಕ್ಕಿದ್ದು ಮೂರೇ ಮರಿ. ನಾಲ್ಕನೆಯದನ್ನು ನಾಯಿಯೋ ಗಂಡುಬೆಕ್ಕೋ ಒಯ್ದಿರಬೇಕೆಂದು ಮಗಳು ಅತ್ತಳು. ಮರಿಗಳ ಕೂಗು ಕೇಳಿ ಅವಳು ಹೆದರುತ್ತಲೇ ಒಳಗೆ ಬಂದಳು. ನಾವು ಮೆಲ್ಲಗೆ ಬಾಗಿಲು ಹಾಕಿ ಚಿಲಕ ಜಡಿದೆವು. ಒಳಗೆ ಹಳೆಯ ಸೀರೆಯ ಹಾಸಿಗೆ, ನೀರು, ಮೀನು ಎಲ್ಲವೂ ಇದ್ದವು. ಒಂದು ಒಳ್ಳೆಯ ಕೆಲಸ ಮಾಡಿದ ನೆಮ್ಮದಿಯಿಂದ ನಾವು ಮಲಗಿದೆವು.

ಅವಳು ಮಲಗಲಿಲ್ಲ. ರಾತ್ರಿಯಿಡೀ ಕೂಗಿದಳು, ಬಾಗಿಲು ಪರಚಿದಳು, ಕಿಟಕಿಗೆ ಹಾರಿ ಬಿದ್ದಳು. ಕಾಡು ಬುದ್ಧಿ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆವು. ನಡುರಾತ್ರಿ ಅಮ್ಮಿ ಎದ್ದು ಬಂದು, “ಬಾಗಿಲು ತೆಗಿ ಬೇಟಾ, ಅವಳಿಗೆ ಹೊರಗೇನೋ ಕೆಲಸ ಇದೆ” ಎಂದರು. ತೆಗೆದರೆ ಮರಿಗಳನ್ನು ಮತ್ತೆ ಮಳೆಗೆ ಹೊತ್ತೊಯ್ಯುತ್ತಾಳೆ ಎಂದು ನಾವು ತೆಗೆಯಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಾಣದಂತೆ ಹೊರಗೆ ಹೋದಳು. ಗೋಡೆ ದಾಟಿ, ಪಕ್ಕದ ಮನೆಯ ಹಳೆಯ ಅಟ್ಟ ಹತ್ತಿ, ಬಾಯಲ್ಲಿ ನಾಲ್ಕನೆಯ ಮರಿಯನ್ನು ಕಚ್ಚಿಕೊಂಡು ಬಂದಳು. ಮರಿ ತಣ್ಣಗಾಗಿತ್ತು. ಅದನ್ನು ಉಳಿದ ಮೂರರ ನಡುವೆ ಇಟ್ಟು ಮಧ್ಯಾಹ್ನದವರೆಗೂ ನೆಕ್ಕುತ್ತಿದ್ದಳು.

ಆಗ ನಮಗೆ ಅರ್ಥವಾಯಿತು. ನಮ್ಮ ಇಣುಕುವಿಕೆಗೆ ಹೆದರಿ ಅವಳು ಮರಿಗಳನ್ನು ಬೇರೆಡೆಗೆ ಸಾಗಿಸತೊಡಗಿದ್ದಳು. ಒಂದನ್ನು ಸಾಗಿಸಿಯಾಗಿತ್ತು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ನಾವು ಚಿಲಕ ಹಾಕಿದ್ದೆವು. ಹುಟ್ಟಿದ ಮೊದಲ ವಾರಗಳಲ್ಲಿ ಬೆಕ್ಕಿನ ಮರಿ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ತಾಯಿ ನೆಕ್ಕದಿದ್ದರೆ ಮೂತ್ರವನ್ನೂ ಮಾಡಲಾರದು. ತಾಯಿಯಿಲ್ಲದ ಮಳೆಯ ರಾತ್ರಿ ಅದಕ್ಕೆ ಬಹಳ ದೊಡ್ಡದು. ಅವಳು ರಾತ್ರಿಯಿಡೀ ಮಾತನಾಡಿದ್ದಳು. ಎರಡು ಭಾಷೆ ಕಲಿತ ನಮಗೆ ಅದು ತಿಳಿಯಲಿಲ್ಲ. ಹೆಚ್ಚು ಓದದ ಅಮ್ಮಿಗೆ ತಿಳಿಯಿತು. ಹಾಗಾದರೆ ಮೂಕರು ಯಾರು?

ಬೆಕ್ಕನ್ನು ಕೂಡಿಹಾಕಿ ಶಿಕ್ಷೆಗೆ ಗುರಿಯಾದ ಹೆಣ್ಣಿನ ಹದೀಸನ್ನು ಮದ್ರಸಾಗೆ ಹೋದ ಎಲ್ಲ ಮಕ್ಕಳೂ ಕೇಳಿರುತ್ತಾರೆ. ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಅದಿದೆ. ಅವಳು ಅನ್ನ ಹಾಕಲಿಲ್ಲ, ಅದಕ್ಕೇ ಶಿಕ್ಷೆ ಎಂದು ಚಿಕ್ಕಂದಿನಲ್ಲಿ ನಾವು ತಿಳಿದಿದ್ದೆವು. ಆದರೆ ಅಲ್ಲಿ ಆರೋಪ ಎರಡಿವೆ: ಉಣಿಸಲಿಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಬಿಟ್ಟಿದ್ದರೆ ಉಣಿಸಬೇಕಾದ ಹೊಣೆಯೇ ಅವಳ ಮೇಲೆ ಬರುತ್ತಿರಲಿಲ್ಲ. ಅಂದರೆ ಹೊಣೆ ಹುಟ್ಟಿದ್ದು ಚಿಲಕ ಹಾಕಿದ ಗಳಿಗೆಯಲ್ಲಿ. ಒಂದು ಜೀವವನ್ನು ಕೂಡಿಹಾಕಿದವನು, ಆ ಜೀವ ಹೊರಗಿದ್ದರೆ ತನಗೆ ತಾನೇ ಏನೇನು ಮಾಡಿಕೊಳ್ಳುತ್ತಿತ್ತೋ ಅಷ್ಟಕ್ಕೂ ಬಾಧ್ಯನಾಗುತ್ತಾನೆ. ನಾವು ಮೀನು ಕೊಟ್ಟೆವು. ಅವಳಿಗೆ ಬೇಕಾಗಿದ್ದದ್ದು ಮೀನಲ್ಲ, ದಾರಿ.

ಇನ್ನೊಂದು ಪ್ರಸಂಗವೂ ನೆನಪಾಗುತ್ತದೆ. ಹಜ್ರತ್ ಅಬೂ ಕತಾದಾ ತಮ್ಮ ವುಜೂವಿನ ನೀರಿನ ಪಾತ್ರೆಯನ್ನೇ ಬೆಕ್ಕಿಗೆ ಬಾಗಿಸಿ ಹಿಡಿದಿದ್ದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವ ಎಂದು ಪ್ರವಾದಿಯವರು ಹೇಳಿದ್ದನ್ನು ತಿಳಿಸಿದರು. ಬೆಕ್ಕಿಗೆ ಮನೆಯಲ್ಲಿ ಸಿಕ್ಕ ಸ್ಥಾನ ಅದು ಬಂದು ಹೋಗುವ ಜೀವ ಎಂಬ ಕಾರಣಕ್ಕೇ. ನಾವು ಕಿತ್ತುಕೊಂಡದ್ದು ಆ ಬಂದು ಹೋಗುವುದನ್ನೇ.

ಮಾಗಡಿಯಲ್ಲಿರುವ ನಿವೃತ್ತ ಮೇಷ್ಟರಾದ ಸ್ನೇಹಿತರಿಗೆ ಇದನ್ನು ಹೇಳಿದೆವು. ಅವರು ಶ್ರೀವೈಷ್ಣವರ ಹಳೆಯ ಚರ್ಚೆಯೊಂದನ್ನು ವಿವರಿಸಿದರು. ಮರ್ಕಟ ನ್ಯಾಯದಲ್ಲಿ ಮಂಗನ ಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯುತ್ತದೆ, ಭಕ್ತನೂ ಹಾಗೆ ಪ್ರಯತ್ನಪಡಬೇಕು. ಮಾರ್ಜಾಲ ನ್ಯಾಯದಲ್ಲಿ ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಕಚ್ಚಿ ಒಯ್ಯುತ್ತಾಳೆ, ದೇವರ ಕೃಪೆಯೂ ಹಾಗೆ. ಎಷ್ಟು ಸೊಗಸಾದ ಹೋಲಿಕೆ! ಆದರೆ ತಾಯಿ ಒಂದು ಮರಿಯನ್ನು ಇಟ್ಟು ಇನ್ನೊಂದಕ್ಕೆ ಬರುವಷ್ಟರಲ್ಲಿ ಯಾರೋ ಬಾಗಿಲು ಹಾಕಿದರೆ? ದೇವರ ದಾರಿಗೆ ಯಾರೂ ಚಿಲಕ ಹಾಕಲಾರರು. ತಾಯಂದಿರ ದಾರಿಗೆ ಹಾಕುತ್ತೇವೆ, ಅದೂ ಅವರ ಒಳ್ಳೆಯದಕ್ಕೆಂದು.

ಬೀದಿಯ ರೀಲರ್ ಒಬ್ಬರು ನಮ್ಮ ದುಃಖ ನೋಡಿ ನಕ್ಕರು. “ಒಂದು ಕೆ.ಜಿ. ರೇಷ್ಮೆಗೆ 6–7 ಕೆ.ಜಿ. ಗೂಡು ಬೇಕು, ಒಂದೊಂದು ಗೂಡಿನಲ್ಲೂ ಒಂದೊಂದು ಜೀವ. ಲೆಕ್ಕ ಹಾಕಿ, 3,000ಕ್ಕೂ ಹೆಚ್ಚಾಯಿತು. ಈ ಊರಿನಲ್ಲಿ ಕೂತು ಒಂದು ಬೆಕ್ಕಿನ ಮರಿಗೆ ಅಳ್ತೀರಾ?” ಎಂದರು. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮ ಊರು ಗೂಡಿನ ಮಾರುಕಟ್ಟೆಯಿಂದ ಬದುಕಿದೆ. ನಮ್ಮ ಶಾಲೆಯ ಶುಲ್ಕವೂ ಅದೇ ಹಬೆಯಿಂದ ಬಂದದ್ದು. ಇದಕ್ಕೆ ಪೂರ್ತಿ ಉತ್ತರ ನಮ್ಮಲ್ಲಿಲ್ಲ. ಆದರೆ ಎಲ್ಲರ ವಿಷಯದಲ್ಲೂ ನ್ಯಾಯವಾಗಿರಲಾಗದು ಎಂಬುದು ಯಾರ ವಿಷಯದಲ್ಲೂ ನ್ಯಾಯವಾಗಿರಬೇಕಿಲ್ಲ ಎಂಬುದಕ್ಕೆ ಪರವಾನಗಿಯಾಗಬಾರದು. ಹಾಗಾದರೆ ಅತಿ ಹೆಚ್ಚು ಪಾಪ ಮಾಡಿದವನೇ ಅತಿ ಹೆಚ್ಚು ನೆಮ್ಮದಿಯಿಂದಿರುತ್ತಾನೆ. ಬೆಕ್ಕಿನ ಮರಿಗಾಗಿ ಅಳುವವನಿಗೆ ಒಂದಲ್ಲ ಒಂದು ದಿನ ಹುಳುವಿನ ನೆನಪೂ ಬಂದೀತು. ಹುಳುವನ್ನು ನೆಪ ಮಾಡಿಕೊಂಡು ಮರಿಯನ್ನು ಮರೆಯುವವನಿಗೆ ಎರಡೂ ನೆನಪಾಗಲಾರವು.

ದಯೆ ಇದ್ದರೆ ಸಾಕೇ ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ರಾಮದೇವರ ಬೆಟ್ಟವನ್ನೇ ನೋಡಿ. ಅಲ್ಲಿನ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ದೇಶದಾದ್ಯಂತ ರಣಹದ್ದುಗಳು ಅಳಿದದ್ದಕ್ಕೆ ಮುಖ್ಯ ಕಾರಣ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ. ಹಸುವಿನ ನೋವು ಕಡಿಮೆಯಾಗಲೆಂದೇ ಅದನ್ನು ಕೊಡುತ್ತಿದ್ದರು. ಹಸು ಸತ್ತ ಮೇಲೆ ಆ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧವನ್ನು ನಿಷೇಧಿಸಲಾಯಿತು. ಔಷಧ ಕೊಟ್ಟವರು ಕ್ರೂರಿಗಳಲ್ಲ, ದಯೆಯುಳ್ಳವರೇ. ಅರಿವಿಲ್ಲದ ದಯೆ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ನಮ್ಮ ಊರ ಬೆಟ್ಟದ ಮೇಲೆಯೇ ಇದೆ. ನಮ್ಮ ಮನೆಯಲ್ಲೂ ಬೆಕ್ಕಿಗೆಂದು ಹಸುವಿನ ಹಾಲನ್ನೇ ಇಡುತ್ತಿದ್ದೆವು. ಬಹಳಷ್ಟು ಬೆಕ್ಕುಗಳಿಗೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ ಎಂದು ಪಶುವೈದ್ಯರು ಹೇಳಿದ ಮೇಲೆ ನಿಲ್ಲಿಸಿದೆವು.

ಆ ದಿನದಿಂದ ಕೋಣೆಯ ಕಿಟಕಿಯನ್ನು ತೆರೆದೇ ಇಟ್ಟೆವು. ಅವಳು ಮರಿಗಳನ್ನು ಒಯ್ದರೆ ಒಯ್ಯಲಿ ಎಂದುಕೊಂಡೆವು. ಅವಳು ಒಯ್ಯಲಿಲ್ಲ. ಹತ್ತು ದಿನದ ಹೊತ್ತಿಗೆ ಮರಿಗಳು ಕಣ್ಣು ಬಿಟ್ಟವು. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ತಾಕಿದರೆ ಮರಿಗಳು ಮನುಷ್ಯರಿಗೆ ಹೊಂದಿಕೊಳ್ಳುತ್ತವೆ, ತಪ್ಪಿದರೆ ತಾಯಿಯಂತೆ ದೂರವೇ ಉಳಿಯುತ್ತವೆ. ಅವಳು ಹೊರಗೆ ಹೋದಾಗ ಮಗಳು ಸ್ವಲ್ಪ ಹೊತ್ತು ಮಾತ್ರ ಅವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹಾಲು ಬಿಟ್ಟು ಎರಡು ತಿಂಗಳು ಕಳೆದ ಮೇಲೆ ಒಂದು ಮರಿ ಕನಕಪುರದ ಕಡೆಯ ಬಂಧುಗಳ ಹುಳು ಸಾಕಣೆ ಮನೆಗೆ ಇಲಿ ಕಾಯಲು ಹೋಯಿತು. ಇನ್ನೊಂದನ್ನು ಚನ್ನಪಟ್ಟಣದ ಬೊಂಬೆ ಕೆಲಸಗಾರರೊಬ್ಬರು ಒಯ್ದರು. ಹಾಲೆ ಮರದ ಹೊಟ್ಟಿನ ರಾಶಿಯ ಮೇಲೆ ಅದು ಮಲಗುತ್ತದಂತೆ. ಮೂರನೆಯದು ನಮ್ಮಲ್ಲೇ ಇದೆ.

ಕೊಡುವಾಗ ತಾಯಿಯನ್ನು ಕೇಳಿದೆವೇ? ಇಲ್ಲ. ಅವಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವಾಗಲೂ ಕೇಳಲಿಲ್ಲ. ಬೆಕ್ಕಿನ ಬಸಿರು ಸುಮಾರು 63ರಿಂದ 65 ದಿನ. ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬಸಿರಾಗಬಲ್ಲದು. ಹುಟ್ಟಿದ ಮರಿಗಳಲ್ಲಿ ಎಷ್ಟೋ ಬೀದಿಯಲ್ಲೇ ಸಾಯುತ್ತವೆ. ಅಲ್ಲಾಹನು ಕೊಟ್ಟ ಶಕ್ತಿಯನ್ನು ತೆಗೆಯಲು ನಾವು ಯಾರು ಎಂದು ಕೆಲವರು ಕೇಳಿದರು. ಮರಿಗಳು ಸಾಯುವುದನ್ನು ನೋಡುತ್ತ ಕೂರಲು ನಾವು ಯಾರು ಎಂಬ ಪ್ರಶ್ನೆಯೂ ಇತ್ತು. ಎರಡರಲ್ಲೂ ಸ್ವಲ್ಪ ಸ್ವಲ್ಪ ತಪ್ಪಿದೆ ಎಂದು ಒಪ್ಪಿಕೊಂಡೇ ಅವಳನ್ನು ಮತ್ತೊಮ್ಮೆ ಕೂಡಿಹಾಕಿದೆವು, ಒಂದು ರಾತ್ರಿ, ಪಂಜರದಲ್ಲಿ. ಈ ಸಲ ಚಿಲಕ ಹಾಕುವ ಮೊದಲು ಹೊರಗೆ ಅವಳಿಗಾಗಿ ಕಾಯುವ ಮರಿ ಯಾವುದೂ ಇಲ್ಲವೆಂದು ನೋಡಿಕೊಂಡೆವು.

ಈಗಲೂ ಅವಳು ನಮ್ಮ ಕೈಗೆ ಬರುವುದಿಲ್ಲ, ಮುಟ್ಟಲು ಹೋದರೆ ಬುಸುಗುಟ್ಟುತ್ತಾಳೆ. ಉಪಕಾರ ಸ್ಮರಣೆಯಿಲ್ಲ ಎಂದು ನೆಂಟರು ಹೇಳುತ್ತಾರೆ. ಯಾವ ಉಪಕಾರ ಎಂದು ನಾವು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇವೆ. ರಾತ್ರಿ ಅವಳು ಕೂಗಿದರೆ ಮನೆಯಲ್ಲಿ ಯಾರಾದರೊಬ್ಬರು ಎದ್ದು ಬಾಗಿಲು ತೆಗೆಯುತ್ತಾರೆ. ಎಷ್ಟೋ ಸಲ ಅವಳು ಹೊರಗೆ ಹೋಗುವುದೇ ಇಲ್ಲ. ಹೊಸ್ತಿಲ ಮೇಲೆ ಕುಳಿತು ಕತ್ತಲನ್ನು ನೋಡಿ, ಒಳಗೆ ತಿರುಗಿ ಬರುತ್ತಾಳೆ. “ಇರಲಿ ಬಿಡು, ತೆಗೆಯೋದು ನಮ್ಮ ಕೆಲಸ” ಎನ್ನುತ್ತಾರೆ ಅಮ್ಮಿ.