ಇಂದಿನ ಚಿಂತನೆ: ಮೀನಿನ ಕರುಳಿನಲ್ಲಿ ವರ್ಣವ್ಯವಸ್ಥೆ ಇದೆಯೇ?



ಕಾಲುವೆ ನೀರಿನ ನಮ್ಮ ಬಳಗಾನೂರು, ಸಿಂಧನೂರು ಸೀಮೆಯಲ್ಲಿ ರೋಹು, ಕಾಟ್ಲಾ, ಗೆಂಡೆ ಮೀನು ಎಲ್ಲರಿಗೂ ಗೊತ್ತು. ಈ ಮೂರಕ್ಕೂ ಜಠರವಿಲ್ಲ. ತಿಂದದ್ದು ನೇರ ಕರುಳಿಗೆ ಇಳಿಯುತ್ತದೆ. ಆ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ವಾಸವಾಗಿವೆ. ಕೆಲವು ಆಹಾರವನ್ನು ಒಡೆಯಲು ನೆರವಾಗುತ್ತವೆ. ಸಿಹಿನೀರಿನ ಅನೇಕ ಮೀನುಗಳಲ್ಲಿ ಕಾಣುವ ಸೆಟೊಬ್ಯಾಕ್ಟೀರಿಯಂ ಬಿ12 ಜೀವಸತ್ವ ತಯಾರಿಸುತ್ತದೆ. ಅದನ್ನು ಯಾವ ಗಿಡವೂ, ಯಾವ ಪ್ರಾಣಿಯೂ ತಾನೇ ತಯಾರಿಸಲಾರದು. ಸೂಕ್ಷ್ಮಜೀವಿಗಳಿಗೆ ಮಾತ್ರ ಸಾಧ್ಯ.

ಇದನ್ನು ಕೇಳಿದ ಕೂಡಲೇ ಕೆಲವರು ಅನ್ನುತ್ತಾರೆ: "ನೋಡಿ, ಒಂದೇ ದೇಹ, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಸಮಾಜವೂ ಹಾಗೇ ಇರಬೇಕು." ಈ ಮಾತು ನಮಗೆ ಹೊಸದಲ್ಲ. ಬಾಯಿ, ತೋಳು, ತೊಡೆ, ಪಾದಗಳಿಂದ ನಾಲ್ಕು ವರ್ಣ ಹುಟ್ಟಿದವೆಂಬ ಕತೆಯೂ ದೇಹವನ್ನೇ ತೋರಿಸುತ್ತದೆ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಈ ವಾದಕ್ಕೆ ಉತ್ತರ ಕೊಟ್ಟಿದ್ದಾರೆ. ಕೆಲಸ ಹಂಚಿಕೊಳ್ಳುವುದು ಬೇರೆ, ದುಡಿಯುವವರನ್ನೇ ಹುಟ್ಟಿನಿಂದ ಮೇಲು-ಕೀಳಾಗಿ ಬೇರ್ಪಡಿಸುವುದು ಬೇರೆ.

ಮೀನಿನ ಕರುಳಾದರೂ ಆ ಕತೆಗೆ ಸಾಕ್ಷಿ ಹೇಳುತ್ತದೆಯೇ? ಇಲ್ಲ. ಮೊಟ್ಟೆಯೊಡೆದ ಮರಿಯ ಕರುಳಿಗೆ ಬ್ಯಾಕ್ಟೀರಿಯಾ ಸೇರುವುದು ಮುಖ್ಯವಾಗಿ ಸುತ್ತಲಿನ ನೀರಿನಿಂದ, ತಿಂದ ಆಹಾರದಿಂದ. ಮೀನಿನ ಪ್ರಭೇದಕ್ಕೂ ಪಾತ್ರವಿದೆ, ನಿಜ. ಆದರೂ ನೀರು, ಮೇವು ಬದಲಾದರೆ ಒಳಗಿನ ಸಮುದಾಯವೂ ಬದಲಾಗುತ್ತದೆ. ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಮೀನಿನಲ್ಲೂ ಸುಮ್ಮನೆ ಇರಬಲ್ಲದು. ಹೊಂಡದಲ್ಲಿ ಮೀನು ಕಿಕ್ಕಿರಿದು, ನೀರು ಕೆಟ್ಟು, ಆಮ್ಲಜನಕ ಕಡಿಮೆಯಾದಾಗ ಅದರಿಂದಲೇ ಮೈಮೇಲೆ ಹುಣ್ಣೇಳುತ್ತದೆ. ಅಲ್ಲಿ ಎಲ್ಲವೂ ಕಾರಣಗಳನ್ನು ಅವಲಂಬಿಸಿದೆ.

ಹಾಗಂತ ಮೀನಿನಿಂದ ನೀತಿ ಕಲಿಯಬೇಕೇ? ಅದೂ ಬೇಡ. ಕರುಳಿನಲ್ಲಿ ನ್ಯಾಯವೂ ಇಲ್ಲ, ಅನ್ಯಾಯವೂ ಇಲ್ಲ, ಮೈತ್ರಿಯೂ ಇಲ್ಲ. "ನಿಸರ್ಗವೇ ಹೀಗಿದೆ" ಎಂದು ಯಾರಾದರೂ ಅಂದರೆ ಎರಡು ಪ್ರಶ್ನೆ ಕೇಳೋಣ. ನಿಜವಾಗಿ ಹಾಗಿದೆಯೇ? ಇದ್ದರೂ ಮನುಷ್ಯರು ಹಾಗೇ ಇರಬೇಕೆಂದು ಯಾರು ಹೇಳಿದರು?

"ಆ ಓಣಿ ಹುಡುಗರ ತಲಿಗೆ ಇಷ್ಟೇ ಹತ್ತೋದು" ಎಂಬ ಮಾತು ಶಿಕ್ಷಕರಾದ ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಆ ಹುಡುಗ ಬೆಳಿಗ್ಗೆ ಉಂಡು ಬಂದಿದ್ದಾನೆಯೇ, ಹತ್ತಿ ಬಿಡಿಸಲು ಹೋಗಿ ಎಷ್ಟು ದಿನ ಶಾಲೆ ತಪ್ಪಿಸಿದ್ದಾನೆ ಎಂದು ಹಾಗೆ ಅನ್ನುವವರು ಕೇಳಿರುವುದಿಲ್ಲ.

ಮೀನು ತನ್ನ ಹೊಂಡವನ್ನು ಬದಲಿಸಲಾರದು. ಮನುಷ್ಯರು ಬದಲಿಸಬಲ್ಲರು. 1927ರ ಮಾರ್ಚ್ 20ರಂದು ಬಾಬಾಸಾಹೇಬರೊಡನೆ ಮಹಾಡದ ಚವದಾರ ಕೆರೆಗೆ ನಡೆದವರು, ಆ ನೀರನ್ನು ಯಾರು ಮುಟ್ಟಬಹುದು ಎಂಬ ಕಟ್ಟಳೆಯನ್ನೇ ಮುರಿದರು.

ಇವತ್ತು ನಮ್ಮ ಓಣಿಯ ಒಂದು ಮಗುವಿನ ಬಳಿ ಕೂತು, ಅದರ ಓದಿಗೆ ಏನು ಅಡ್ಡಿಯಾಗಿದೆ ಎಂದು ಕೇಳೋಣ.

ಜೈ ಭೀಮ್.