ಹೊರಡುವವರ ಋಣ

ಸೆಂಟ್ರಲ್ ಲೈನಿನ ಗಾಡಿ ಘಾಟ್‌ಕೋಪರ್ ದಾಟಿ ವಿಕ್ರೋಲಿಗೆ ಬರುವಾಗಲೆಲ್ಲ ನಮಗೆ ಒಬ್ಬ ಅಜ್ಜಿಯ ನೆನಪಾಗುತ್ತದೆ. ಅವರು ನಮ್ಮ ಬಳಗದವರಲ್ಲ. ನಾವು ಹುಟ್ಟುವ ಮೊದಲೇ ಈ ಊರು ಬಿಟ್ಟು ಹೋದವರು. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಪ್ಲೇನ್ಸ್ ಎಂಬ ಪುಟ್ಟ ಊರಿನ ಲಿಲಿಯನ್ ಕಾರ್ಟರ್. 1898ರಲ್ಲಿ ಹುಟ್ಟಿದ ಈ ನರ್ಸಮ್ಮ, ಬೇರೆಯವರು ಮೊಮ್ಮಕ್ಕಳನ್ನು ಆಡಿಸುತ್ತ ಕೂರುವ ವಯಸ್ಸಿನಲ್ಲಿ, 1966ರಲ್ಲಿ ಪೀಸ್ ಕೋರ್ ಎಂಬ ಸ್ವಯಂಸೇವಕ ದಳ ಸೇರಿ ವಿಕ್ರೋಲಿಯ ಗೋದ್ರೆಜ್ ಕಾಲೊನಿಗೆ ಬಂದರು. ಕುಟುಂಬ ಯೋಜನೆಯ ಕೆಲಸ, ದವಾಖಾನೆಯ ಕೆಲಸ, ಕುಷ್ಠರೋಗಿಗಳ ಆರೈಕೆ, ಹೀಗೆ 21 ತಿಂಗಳು ದುಡಿದು 1968ರಲ್ಲಿ ಸ್ವದೇಶಕ್ಕೆ ಮರಳಿದರು. ಅವರ ಮಗ ಜಿಮ್ಮಿ ಆ ದೇಶದ ಅಧ್ಯಕ್ಷರಾದದ್ದು ಮುಂದೆ, 1977ರಲ್ಲಿ. ಇಲ್ಲಿಂದ ತಾಯಿ ಮನೆಗೆ ಬರೆದ ಪತ್ರಗಳು ಅದೇ ವರ್ಷ ಪುಸ್ತಕವಾಗಿ ಬಂದವು.

ಅವರು ಬಂದ ಕತೆಯನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ನಮ್ಮನ್ನು ಕಾಡುವುದು ಹೋದ ಕತೆ. ಇಂಥ ಸೇವಕರು ಬರುವಾಗಲೇ ಹೊರಡುವ ತಿಂಗಳನ್ನು ಗೊತ್ತುಮಾಡಿಕೊಂಡು ಬಂದಿರುತ್ತಾರೆ. ಹಾಗೆ ಅವಧಿ ಕಟ್ಟಿಕೊಂಡು ಮಾಡುವ ಸೇವೆ ಪೂರ್ತಿ ಸೇವೆಯೆ? ಅವರ ಕೈಯನ್ನೇ ನಂಬಿದ ರೋಗಿಗೆ, ಹೊರಡುವ ದಿನ ಹತ್ತಿರ ಬಂದಾಗ, ಅವರು ಏನನ್ನು ಸಲ್ಲಿಸಬೇಕು?

ಇದು ಬರಿಯ ಭಾವುಕತೆಯ ಪ್ರಶ್ನೆಯಲ್ಲ. ಬಿ.ಎಸ್‌ಸಿ.ಯಲ್ಲಿ ಕಲಿತದ್ದರಲ್ಲಿ ಉಳಿದಿರುವ ಅಷ್ಟಿಷ್ಟನ್ನು ಇಲ್ಲಿ ಉಪಯೋಗಿಸುತ್ತೇವೆ. ಆ ಕಾಲದಲ್ಲಿ ಕುಷ್ಠಕ್ಕೆ ಇದ್ದ ಮುಖ್ಯ ಮದ್ದು ಡ್ಯಾಪ್ಸೋನ್ ಮಾತ್ರೆ. ಅದನ್ನು ವರ್ಷಗಟ್ಟಲೆ ನುಂಗಬೇಕಾಗಿತ್ತು. ಕೆಲವರು ಬದುಕಿರುವ ತನಕ. ಈಗ 6 ಅಥವಾ 12 ತಿಂಗಳಲ್ಲಿ ಮುಗಿಯುವ ಬಹುಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಲಾರಂಭಿಸಿದ್ದು 1981ರ ಬಳಿಕ. ಅಂದರೆ ಸೇವಕಿಯ ಅವಧಿ 21 ತಿಂಗಳು, ರೋಗದ ಅವಧಿ ಅದಕ್ಕಿಂತ ಎಷ್ಟೋ ದೊಡ್ಡದು. ಎರಡೂ ಒಂದೇ ದಿನ ಮುಗಿಯುವ ಸಂಭವವೇ ಇರಲಿಲ್ಲ. ಮದ್ದು ನಡುವೆ ನಿಂತರೆ ರೋಗ ಮರಳುತ್ತದೆ. ರೋಗಾಣು ಮದ್ದಿಗೆ ಜಗ್ಗದಂತಾಗುವ ಅಪಾಯವೂ ಉಂಟು. ‘ಆ ಅಮ್ಮ ಬಂದು ಕೊಟ್ಟರೆ ಮಾತ್ರ ನುಂಗುತ್ತೇನೆ’ ಎನ್ನುವ ರೋಗಿಯೊಬ್ಬನಿದ್ದರೆ, ಆ ಪ್ರೀತಿಯೇ ಅವನಿಗೆ ಕಂಟಕ.

ಹಾಗಾದರೆ ಬಾರದೇ ಇದ್ದಿದ್ದರೆ ಚೆನ್ನಾಗಿತ್ತೇ ಎಂದು ಕೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಒಂದು ದಿನ ತೊಳೆದು ಕಟ್ಟಿದ ಹುಣ್ಣು ಆ ದಿನದ ಮಟ್ಟಿಗೆ ತೊಳೆದು ಕಟ್ಟಿದ ಹುಣ್ಣೇ. ತಪ್ಪು ಬಂದುದರಲ್ಲಿಲ್ಲ, ಹೊರಡುವ ರೀತಿಯಲ್ಲಿ ಇರಬಹುದು.

ಸರಕಾರಿ ಕಚೇರಿಯಲ್ಲಿ ಗುಮಾಸ್ತರಾದ ನಮಗೆ ಮಾರ್ಚ್ ತಿಂಗಳು ಚೆನ್ನಾಗಿ ಗೊತ್ತು. ವರ್ಷವೆಲ್ಲ ಮಲಗಿದ್ದ ಹಣ ಆ ತಿಂಗಳಲ್ಲಿ ಎದ್ದು ಓಡಾಡುತ್ತದೆ. ಪರದೇಶದಲ್ಲಿ ಆರೋಗ್ಯದ ಕೆಲಸಕ್ಕೆ ಹೋದವರಿಗೂ ಕೊನೆಯ ತಿಂಗಳುಗಳಲ್ಲಿ ಇದೇ ಮಾರ್ಚ್ ಜ್ವರ ಬಡಿಯುವುದು ಸಹಜ: ಇನ್ನೊಂದು ಶಿಬಿರ, ಇನ್ನೊಂದು ಕೇರಿ, ಇನ್ನಷ್ಟು ಮಕ್ಕಳ ತೂಕ. ನಮ್ಮ ಎಣಿಕೆಯಲ್ಲಿ ಆಗ ಬೇಕಾದದ್ದು ಇದಕ್ಕೆ ತೀರ ವಿರುದ್ಧ. ಮೊದಲು ಊರಿನ ದಾದಿಯ ಜೊತೆಗೆ ರೋಗಿಯ ಮನೆಗೆ ಹೋಗಬೇಕು, ಆಮೇಲೆ ಅವಳ ಹಿಂದೆ ನಿಲ್ಲಬೇಕು, ಆಮೇಲೆ ಹೋಗಲೇಬಾರದು. ಕಣ್ಣೆದುರಿಗೇ ತನ್ನ ಜಾಗ ತುಂಬಿಹೋಗುವುದನ್ನು ನೋಡಿಕೊಂಡಿರುವುದು ಸುಲಭವಲ್ಲ. ಚಾರ್ಜ್ ಒಪ್ಪಿಸುವಾಗ ಬೀರುವಿನ ಕೀಲಿಕೈ, ಫೈಲುಗಳ ಪಟ್ಟಿ ಎಲ್ಲ ಕೊಟ್ಟು ಸಹಿ ಹಾಕುತ್ತೇವೆ. ಪ್ರತಿ ತಿಂಗಳೂ ಬಾಗಿಲಲ್ಲಿ ನಿಲ್ಲುವ ವಿಧವೆಯ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಮಾತ್ರ ತಲೆಯಲ್ಲೇ ಹೊತ್ತುಕೊಂಡು ಹೋಗುತ್ತೇವೆ.

ಹೀಗೆ ಒಪ್ಪಿಸಿ ಹೋಗುವ ಅವಕಾಶವೇ ಸಿಗದವರೂ ಉಂಟು. 2020ರ ಮಾರ್ಚಿಯಲ್ಲಿ ಕೊರೋನಾ ಹರಡಿದಾಗ ಪೀಸ್ ಕೋರ್ ಅರವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 7,000 ಸ್ವಯಂಸೇವಕರನ್ನೂ ಒಮ್ಮೆಲೇ ಹಿಂದಕ್ಕೆ ಕರೆಸಿಕೊಂಡಿತು. ಮತ್ತೆ ಕಳುಹಿಸತೊಡಗಿದ್ದು 2022ರಲ್ಲಿ. ಅಲ್ಲಿಯ ತನಕ ಆ ಊರುಗಳಲ್ಲಿ ಕೆಲಸ ನಡೆದಿದ್ದರೆ ಊರಿನವರ ಕೈಯಿಂದಲೇ ನಡೆದಿರಬೇಕು. ನಮ್ಮ ಜಾಮಖೇಡದಲ್ಲಿ ಆರೋಳೆ ದಂಪತಿಗಳು 1970ರಲ್ಲಿ ಕೆಲಸ ಆರಂಭಿಸಿ, ಹಳ್ಳಿಯ ಹೆಂಗಸರಿಗೇ ಆರೋಗ್ಯದ ವಿದ್ಯೆ ಕಲಿಸಿದ್ದರ ಬೆಲೆ ಇಂಥಲ್ಲಿ ತಿಳಿಯುತ್ತದೆ. ಆ ಹೆಂಗಸರಿಗೆ ವಾಪಸು ಟಿಕೆಟ್ ಇರಲಿಲ್ಲ.

ಇನ್ನೊಂದು ಮಾತನ್ನೂ ಹೇಳದೆ ಇರಲಾರೆವು. 1977ರ ಫೆಬ್ರುವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದರ ಅಂತ್ಯಕ್ರಿಯೆಗೆಂದು ಬಂದ ಲಿಲಿಯನ್ ಅಮ್ಮನವರು ವಿಕ್ರೋಲಿಗೂ ಬಂದು ಹೋದರು. ಅವರ ಬಗ್ಗೆ ಓದಲು ಬೇಕಾದಷ್ಟಿದೆ. 1968ರಿಂದ ಮುಂದೆ ಆ ದವಾಖಾನೆಯಲ್ಲಿ ಮಾತ್ರೆ ಕೊಟ್ಟ ಕೈಗಳ ಹೆಸರನ್ನು ನಾವು ಎಲ್ಲಿಯೂ ಓದಿಲ್ಲ. ಬಂದು ಹೋದವರಿಗೆ ಹಾರ, ಇದ್ದವರಿಗೆ ಹಾಜರಿ ಪುಸ್ತಕ.

ಪರದೇಶದ ಮಾತು ಹಾಗಿರಲಿ. ಮುಂಬಯಿಯಲ್ಲಿರುವ ನಾವೆಲ್ಲ ವರ್ಷಕ್ಕೊಮ್ಮೆ ವಾಪಸು ಟಿಕೆಟ್ ಇಟ್ಟುಕೊಂಡೇ ಊರಿಗೆ ಹೋಗುವವರಲ್ಲವೆ? ಮೂರು ವರ್ಷದ ಕೆಳಗೆ 20 ದಿನ ರಜೆ ಹಾಕಿ ಗದಗಿಗೆ ಹೋಗಿದ್ದೆವು. ತಾಯಿಯವರಿಗೆ ಸಕ್ಕರೆ ಕಾಯಿಲೆ. ಅಣ್ಣನ ಮನೆಯ ವ್ಯವಸ್ಥೆ ನಮ್ಮ ಕಣ್ಣಿಗೆ ಸರಿಬರಲಿಲ್ಲ. ವಾರದ ಏಳು ದಿನಕ್ಕೂ ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿ ತಂದೆವು, ಕೆಂಪು ಶಾಯಿಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು, ಹೊತ್ತು ಹೊತ್ತಿಗೆ ಸ್ವಂತ ಕೈಯಿಂದ ಮಾತ್ರೆ ಕೊಟ್ಟೆವು. ಸಕ್ಕರೆ ಇಳಿಯಿತು. ನೆರೆಯವರು ‘ಮಗ ಅಂದ್ರ ಹಿಂಗಿರಬೇಕು’ ಎಂದರು. ನಾವೂ ಉಬ್ಬಿದೆವು, ಸುಳ್ಳೇಕೆ ಹೇಳಬೇಕು.

ಮುಂಬಯಿಗೆ ಮರಳಿ ಐದನೆಯ ದಿನ ಅಣ್ಣನ ಫೋನು. ತಾಯಿಯವರು ವೈನಿಯ ಕೈಯಿಂದ ಮಾತ್ರೆ ತೆಗೆದುಕೊಳ್ಳುತ್ತಿಲ್ಲ. ‘ಅವ ಕೊಟ್ಟಂಗ ಕೊಡಾಕ ನಿನಗ ಬರೂದಿಲ್ಲ’ ಎನ್ನುತ್ತಾರಂತೆ. ಆ ವೈನಿ ಹನ್ನೊಂದು ವರ್ಷದಿಂದ ಆ ಮಾತ್ರೆಗಳನ್ನು ಕೊಡುತ್ತ ಬಂದವರು. ಸಕ್ಕರೆ ಏರಿತು, ಕಾಲಿನ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ದಿನಾ ಅದನ್ನು ತೊಳೆದು ಕಟ್ಟಿದವರೂ ವೈನಿಯೇ. ನಮ್ಮ ರಜೆ ಮುಗಿದಿತ್ತು.

ಈ ದೀಪಾವಳಿಗೆ ಮತ್ತೆ ಹೊರಟಿದ್ದೇವೆ. ಹೋದ ವಾರ ವೈನಿಗೆ ಫೋನು ಮಾಡಿ, ಈ ಸಲ ನಾವು ಏನು ಮಾಡಬೇಕೆಂದು ಕೇಳಿದೆವು. ಆಕೆ ನಕ್ಕು, ‘ಗುಳಿಗಿ ನಾನ ಕೊಡ್ತೀನ್ರಿ. ನೀವು ಅವರ ಬಾಜೂಕ ಕುಂತು ಮಾತಾಡ್ರಿ, ಸಾಕು’ ಎಂದರು. ಆ ಪ್ಲಾಸ್ಟಿಕ್ ಡಬ್ಬಿಯ ವಿಚಾರವನ್ನೂ ಕೇಳಿದೆವು. ಅದರಲ್ಲಿ ಈಗ ಲವಂಗ, ಯಾಲಕ್ಕಿ ಹಾಕಿಟ್ಟಿದ್ದಾರಂತೆ.